ಕಸಬು ಬದಲಿಸುವ ಜೀವಕೋಶಗಳು

ಗೋಡೆಯ ಮೇಲಿನ ಹಲ್ಲಿ ಬೆಕ್ಕಿನ ಪಂಜಕ್ಕೆ ಸಿಕ್ಕಿಬಿದ್ದಾಗ ಬಾಲವನ್ನು ಕಳಚಿಟ್ಟು ಪಾರಾಗುವುದನ್ನು ನೋಡದವರು ವಿರಳ. ತುಂಡಾದ ಬಾಲ ನೆಲದ ಮೇಲೆ ಮಿಡುಕುತ್ತಿರುವಾಗಲೇ ಹಲ್ಲಿ ಸಂದಿಯೊಳಗೆ ಮಾಯವಾಗಿರುತ್ತದೆ. ಕೆಲವು ವಾರಗಳಲ್ಲಿ ಅದಕ್ಕೆ ಹೊಸ ಬಾಲ ಮೂಡಲಾರಂಭಿಸುತ್ತದೆ. ಮನುಷ್ಯನಿಗೆ ಈ ಭಾಗ್ಯವಿಲ್ಲ. ಬುಡದಲ್ಲಿ ತುಂಡಾದ ಬೆರಳು ಮತ್ತೆ ಚಿಗುರುವುದಿಲ್ಲ. ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ನಾರಿನ ಕಲೆ ಉಳಿಯುತ್ತದೆಯೇ ಹೊರತು ಮಿಡಿಯುವ ಹೊಸ ಸ್ನಾಯು ಬೆಳೆಯುವುದಿಲ್ಲ.

ಇಷ್ಟರಿಂದಲೇ ಮನುಷ್ಯದೇಹಕ್ಕೆ ದುರಸ್ತಿಯ ವಿದ್ಯೆ ತಿಳಿಯದೆಂದು ಭಾವಿಸಿದರೆ ತಪ್ಪಾದೀತು. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತದೆ. ಕೆಂಪು ರಕ್ತಕಣಗಳು ಸುಮಾರು 120 ದಿನ ಬಾಳಿ ಹೊಸ ಕಣಗಳಿಗೆ ಎಡೆಮಾಡಿಕೊಡುತ್ತವೆ. ಈ ನಿತ್ಯದ ನವೀಕರಣವನ್ನು ನಡೆಸುವುದು ಆಕರಕೋಶಗಳು, ಅಂದರೆ ಈಚಿನ ವರ್ಷಗಳಲ್ಲಿ 'ಸ್ಟೆಮ್ ಸೆಲ್' ಎಂಬ ಹೆಸರಿನಿಂದ ಪತ್ರಿಕೆಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಕೋಶಗಳು. ಯಾವ ಕಸಬನ್ನೂ ಇನ್ನೂ ಹಿಡಿಯದೆ, ಅಗತ್ಯಬಿದ್ದಂತೆ ಹೊಸ ಕೋಶಗಳನ್ನು ಹುಟ್ಟಿಸುವುದೇ ಇವುಗಳ ಕೆಲಸ.

ಆದರೆ ಪೆಟ್ಟು ದೊಡ್ಡದಾದಾಗ, ಆಕರಕೋಶಗಳು ಸಾಲದೆ ಹೋದಾಗ ಅಥವಾ ಅವೇ ನಾಶವಾದಾಗ ದೇಹ ಏನು ಮಾಡುತ್ತದೆ? ಇದಕ್ಕೆ ದೊರೆತಿರುವ ಉತ್ತರ ಕುತೂಹಲಕರವಾಗಿದೆ. ಒಂದು ಕಸಬಿನಲ್ಲಿ ನೆಲೆನಿಂತು, ಅದರಲ್ಲಿ ಪಳಗಿದ ಪ್ರೌಢ ಕೋಶವೇ ಆ ಕಸಬನ್ನು ಬಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತದೆ!

ಮಹಾನಗರಗಳ ಕನ್ನಡಿಗರಿಗೆ ಈ ಸಂಗತಿಯನ್ನು ವಿವರಿಸಲು ಉಡುಪಿ ಹೋಟೆಲಿನ ಉದಾಹರಣೆ ಸಾಕು. ಅಡಿಗೆಯವರು ಜ್ವರದಿಂದ ಮಲಗಿದ ದಿನ ಗಲ್ಲೆಯಲ್ಲಿ ಕುಳಿತ ಯಜಮಾನರೇ ಸೊಂಟಕ್ಕೆ ಟವೆಲು ಬಿಗಿದು ದೋಸೆಯ ಕಾವಲಿಯ ಮುಂದೆ ನಿಲ್ಲುವುದುಂಟು. ಹುಡುಗನಾಗಿ ಊರಿನಿಂದ ಬಂದಾಗ ಅವರು ಮೊದಲು ಕಲಿತದ್ದು ಆ ಕೆಲಸವನ್ನೇ. ಎಷ್ಟೋ ವರ್ಷಗಳಿಂದ ಮಾಡಿಲ್ಲದಿದ್ದರೂ ಕೈ ಮರೆತಿರುವುದಿಲ್ಲ. ಅಡಿಗೆಯವರು ಚೇತರಿಸಿಕೊಂಡು ಬಂದ ಮೇಲೆ ಯಜಮಾನರು ಮತ್ತೆ ಗಲ್ಲೆಗೆ ಹಿಂತಿರುಗುತ್ತಾರೆ. ಜೀವಕೋಶಗಳ ಕಥೆಯೂ ಬಹುಮಟ್ಟಿಗೆ ಇಂಥದೇ. ಅವು ಹಿಂತಿರುಗಿದರೆ ಆರೋಗ್ಯ, ಹಿಂತಿರುಗದಿದ್ದರೆ ರೋಗ.

ಒಂದೇ ಗ್ರಂಥ, ಬೇರೆ ಬೇರೆ ಪುಟಗಳು

ಚರ್ಮದ ಕೋಶ, ಯಕೃತ್ತಿನ ಕೋಶ, ನರಕೋಶ ಇವು ನೋಟದಲ್ಲಿಯೂ ಕೆಲಸದಲ್ಲಿಯೂ ಒಂದನ್ನೊಂದು ಹೋಲುವುದಿಲ್ಲ. ಆದರೂ ಇವೆಲ್ಲವೂ ಫಲಿತವಾದ ಒಂದೇ ಅಂಡಾಣುವಿನ ಸಂತಾನ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಆಗಸ್ಟ್ ವೈಸ್‌ಮನ್ ಮುಂತಾದವರು, ಕೋಶವೊಂದು ನಿರ್ದಿಷ್ಟ ಕಸಬಿಗೆ ಇಳಿದಾಗ ತನಗೆ ಬೇಡವಾದ ವಂಶವಾಹಿಗಳನ್ನು ಕಳೆದುಕೊಳ್ಳುತ್ತದೆಂದು ಭಾವಿಸಿದ್ದರು. ಅದು ನಿಜವಾಗಿದ್ದರೆ ಹಿಂದಿರುಗುವ ದಾರಿಯೇ ಮುಚ್ಚಿಹೋಗುತ್ತಿತ್ತು.

ಈ ಭಾವನೆಯನ್ನು ಅಲ್ಲಗಳೆದವರು ಇಂಗ್ಲೆಂಡಿನ ಜಾನ್ ಗರ್ಡನ್. ಈಟನ್ ಶಾಲೆಯಲ್ಲಿ ಓದುತ್ತಿದ್ದಾಗ, ಈ ಹುಡುಗನಿಗೆ ವಿಜ್ಞಾನಿಯಾಗುವ ಆಸೆಯಿರುವುದು ಹಾಸ್ಯಾಸ್ಪದವೆಂಬ ಅರ್ಥದ ವರದಿಯನ್ನು ಉಪಾಧ್ಯಾಯರು ಬರೆದಿದ್ದರು. ಅದೇ ಗರ್ಡನ್, ಗೊದಮೊಟ್ಟೆಯ ಕರುಳಿನ ಕೋಶದಿಂದ ಕೋಶಕೇಂದ್ರವನ್ನು ತೆಗೆದು, ಸ್ವಂತ ಕೇಂದ್ರವನ್ನು ನಾಶಪಡಿಸಿದ ಕಪ್ಪೆಯ ಅಂಡದೊಳಗೆ ಇಟ್ಟರು. ಅಂಥ ಅಂಡಗಳಲ್ಲಿ ಕೆಲವು ಗೊದಮೊಟ್ಟೆಗಳಾಗಿ ಬೆಳೆದುವು. 1962ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಕರುಳಿನ ಕೋಶದಲ್ಲಿಯೂ ಇಡೀ ಪ್ರಾಣಿಯನ್ನು ಕಟ್ಟುವ ಗ್ರಂಥ ಪೂರ್ಣವಾಗಿ ಉಳಿದಿರುತ್ತದೆಂಬುದು ಸ್ಪಷ್ಟವಾಯಿತು. ಪ್ರತಿಯೊಂದು ಕೋಶವೂ ತನಗೆ ಬೇಕಾದ ಪುಟಗಳನ್ನು ಮಾತ್ರ ತೆರೆದಿಟ್ಟುಕೊಂಡಿರುತ್ತದೆ. ಉಳಿದ ಪುಟಗಳು ಹರಿದುಹೋಗಿರುವುದಿಲ್ಲ, ಮುಚ್ಚಿರುತ್ತವೆ, ಅಷ್ಟೆ.

ಮುಚ್ಚಿದ ಪುಟಗಳನ್ನು ತೆರೆಯುವ ಕೀಲಿಕೈ ದೊರೆತದ್ದು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಶಿನ್ಯಾ ಯಮನಾಕ 2006ರಲ್ಲಿ ಕೇವಲ ನಾಲ್ಕು ವಂಶವಾಹಿಗಳನ್ನು ಸೇರಿಸಿ ಇಲಿಯ ಪ್ರೌಢಕೋಶಗಳನ್ನು ಭ್ರೂಣಾವಸ್ಥೆಯನ್ನು ಹೋಲುವ ಸ್ಥಿತಿಗೆ ಹಿಂದಿರುಗಿಸಿದರು. 2007ರಲ್ಲಿ ಮನುಷ್ಯನ ಚರ್ಮದ ಕೋಶಗಳಲ್ಲಿಯೂ ಇದು ಸಾಧ್ಯವಾಯಿತು. ಗರ್ಡನ್ ಮತ್ತು ಯಮನಾಕ 2012ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಇದು ಪ್ರಯೋಗಶಾಲೆಯ ಸಾಧನೆ. ಪ್ರಕೃತಿಯಾದರೋ ಈ ಕೆಲಸವನ್ನು ಬಹಳ ಹಿಂದಿನಿಂದಲೂ ಸದ್ದಿಲ್ಲದೆ ನಡೆಸಿಕೊಂಡು ಬಂದಿದೆ.

ಹದಿನೆಂಟು ಬಾರಿ ಹುಟ್ಟಿದ ಮಸೂರ

ಕಪ್ಪೆಯ ಬಳಗಕ್ಕೆ ಸೇರಿದರೂ ಹಲ್ಲಿಯಂತೆ ಬಾಲವುಳ್ಳ ನ್ಯೂಟ್ ಎಂಬ ಉಭಯಚರ ಪ್ರಾಣಿಯೊಂದಿದೆ. ಅದರ ಕಣ್ಣಿನೊಳಗಿನ ಮಸೂರವನ್ನು ತೆಗೆದುಹಾಕಿದರೆ ಕೆಲವು ವಾರಗಳಲ್ಲಿ ಹೊಸ ಮಸೂರ ಬೆಳೆಯುತ್ತದೆ. 1891ರಲ್ಲಿ ಇಟಲಿಯ ಕೊಲುಚ್ಚಿ, 1895ರಲ್ಲಿ ಜರ್ಮನಿಯ ಗುಸ್ಟಾವ್ ವೋಲ್ಫ್ ಇದನ್ನು ವರ್ಣಿಸಿದರು. ಆಶ್ಚರ್ಯದ ಸಂಗತಿಯೆಂದರೆ, ಹೊಸ ಮಸೂರ ಹುಟ್ಟುವುದು ಹಳೆಯ ಮಸೂರದ ಅವಶೇಷದಿಂದಲ್ಲ. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆಯ ಮೇಲಂಚಿನ ಕೋಶಗಳು ತಮ್ಮ ಬಣ್ಣವನ್ನು ಕಳೆದುಕೊಂಡು, ಇಬ್ಭಾಗವಾಗುತ್ತಾ ಹೋಗಿ, ಸ್ಫಟಿಕದಂತೆ ಪಾರದರ್ಶಕವಾದ ಮಸೂರವಾಗಿ ಮಾರ್ಪಡುತ್ತವೆ. ಬೆಳಕನ್ನು ತಡೆಯುವುದೇ ಕಸಬಾಗಿದ್ದ ಕೋಶ ಬೆಳಕನ್ನು ಹಾಯಿಸುವ ಕೋಶವಾಗುತ್ತದೆ.

ಜಪಾನಿನ ಗೊರೊ ಎಗುಚಿ ಮತ್ತು ಅಮೆರಿಕದಲ್ಲಿದ್ದ ಪನಾಯೋಟಿಸ್ ಸೋನಿಸ್ ಇವರ ತಂಡ ಒಂದೇ ಗುಂಪಿನ ನ್ಯೂಟುಗಳಿಂದ 16 ವರ್ಷಗಳ ಅವಧಿಯಲ್ಲಿ 18 ಬಾರಿ ಮಸೂರವನ್ನು ತೆಗೆಯಿತು. ಪ್ರಯೋಗ ಮುಗಿಯುವ ವೇಳೆಗೆ ಆ ಪ್ರಾಣಿಗಳ ವಯಸ್ಸು 30 ವರ್ಷ ದಾಟಿತ್ತು. ಹಾಗಿದ್ದರೂ ಕೊನೆಯ ಮಸೂರ ಮೊದಲಿನಷ್ಟೇ ನಿರ್ದೋಷವಾಗಿತ್ತೆಂದು 2011ರಲ್ಲಿ ಅವರು ವರದಿಮಾಡಿದರು. ಮುಪ್ಪಿನೊಂದಿಗೆ ಕಣ್ಣಿಗೆ ಪೊರೆ ಬರುವ ಮನುಷ್ಯನಿಗೆ ಇದು ಅಸೂಯೆ ಹುಟ್ಟಿಸುವ ಸುದ್ದಿಯೇ ಸರಿ.

ನರವನ್ನು ಬೆಸೆಯುವ ಕೋಶ

ಮನುಷ್ಯನಲ್ಲಿಯೂ ಇಂಥ ವೇಷಾಂತರಕ್ಕೆ ನಿದರ್ಶನಗಳಿವೆ. ಅವುಗಳಲ್ಲಿ ಪ್ರಮುಖವಾದುದು ಕೈಕಾಲುಗಳ ನರಗಳಲ್ಲಿರುವ ಶ್ವಾನ್ ಕೋಶ. ವಿದ್ಯುತ್ತಿನ ತಂತಿಗೆ ರಬ್ಬರಿನ ಹೊದಿಕೆಯಿರುವಂತೆ ನರತಂತುವಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ಅದನ್ನು ಸುತ್ತಿಕೊಡುವುದು ಶ್ವಾನ್ ಕೋಶದ ಕಸಬು.

ನರ ತುಂಡಾದಾಗ, ತುಂಡಾದೆಡೆಯಿಂದ ಆಚೆಗಿನ ತಂತು ನಶಿಸಿಹೋಗುತ್ತದೆ. ಇದನ್ನು ಲಂಡನ್ನಿನ ಆಗಸ್ಟಸ್ ವಾಲರ್ 1850ರಲ್ಲಿಯೇ ಕಪ್ಪೆಯ ನಾಲಗೆಯ ನರಗಳಲ್ಲಿ ಗಮನಿಸಿದ್ದರು. ತಂತು ಸತ್ತರೂ ಶ್ವಾನ್ ಕೋಶಗಳು ಸಾಯುವುದಿಲ್ಲ. ಅವು ಹೊದಿಕೆ ನೇಯುವ ಕೆಲಸವನ್ನು ನಿಲ್ಲಿಸಿ, ತಾವೇ ನೇಯ್ದ ಮಯಲಿನ್ನನ್ನು ಒಡೆದು ಜೀರ್ಣಿಸಿಕೊಂಡು, ಸಂಖ್ಯೆಯಲ್ಲಿ ಹೆಚ್ಚಿ, ನೀಳವಾಗಿ ಚಾಚಿಕೊಂಡು ಸಾಲಾಗಿ ನಿಲ್ಲುತ್ತವೆ. ಕಸ ಗುಡಿಸುವ ಜಾಡಮಾಲಿಯೂ ಅವೇ, ಹೊಸ ತಂತುವಿಗೆ ದಾರಿ ತೋರುವ ಮಾರ್ಗದರ್ಶಿಯೂ ಅವೇ, ಅದಕ್ಕೆ ಪೋಷಣೆ ನೀಡುವ ದಾದಿಯೂ ಅವೇ. ಆ ಸಾಲಿನ ಗುಂಟ ನರತಂತು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮುಂದುವರಿಯುತ್ತದೆ. ತಂತು ಗುರಿಮುಟ್ಟಿದ ಮೇಲೆ ಶ್ವಾನ್ ಕೋಶಗಳು ಮರಳಿ ಹಳೆಯ ಕಸಬಿಗೆ ಬಂದು ಹೊಸ ಹೊದಿಕೆಯನ್ನು ನೇಯುತ್ತವೆ.

ಇದರಿಂದ ವ್ಯವಹಾರಕ್ಕೆ ಸಿಗುವ ಪಾಠವೊಂದಿದೆ. ಮೊಣಕೈ ಬಳಿ ನರ ತುಂಡಾದರೆ ಬೆರಳ ತುದಿಗೆ ಸ್ಪರ್ಶಜ್ಞಾನ ಮರಳಲು ಒಂದು ವರ್ಷವೇ ಬೇಕಾಗಬಹುದು. ಆದರೆ ಶ್ವಾನ್ ಕೋಶಗಳ ದುರಸ್ತಿಯ ಉತ್ಸಾಹ ಅನಿರ್ದಿಷ್ಟ ಕಾಲ ಉಳಿಯುವುದಿಲ್ಲ. ತಿಂಗಳುಗಳು ಕಳೆದಂತೆ ಕುಗ್ಗುತ್ತಾ ಹೋಗುತ್ತದೆ. ಆದಕಾರಣ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿಯೋ ಗಾಜು ಕೊಯ್ದೋ ಕೈಗೆ ಆಳವಾದ ಗಾಯವಾಗಿ ಬೆರಳು ಜೋಮುಹಿಡಿದರೆ, ಮೇಲಿನ ಚರ್ಮ ಕೂಡಿತೆಂದು ಸುಮ್ಮನಿರದೆ ಕೂಡಲೇ ಶಸ್ತ್ರವೈದ್ಯರಿಗೆ ತೋರಿಸುವುದು ಅತ್ಯವಶ್ಯ. ಮಿದುಳು ಮತ್ತು ಬೆನ್ನುಹುರಿಗಳಲ್ಲಿ ಹೊದಿಕೆ ನೇಯುವ ಕೋಶಗಳು ಬೇರೆ ಜಾತಿಯವು. ಅವಕ್ಕೆ ಈ ವೇಷಾಂತರದ ವಿದ್ಯೆ ಬಾರದು. ಬೆನ್ನುಹುರಿಗೆ ಬಿದ್ದ ಪೆಟ್ಟು ಸುಲಭವಾಗಿ ವಾಸಿಯಾಗದಿರಲು ಇದೂ ಒಂದು ಕಾರಣ.

ಯಕೃತ್ತು ಮತ್ತು ಶ್ವಾಸನಾಳ

ಗ್ರೀಕರ ಪುರಾಣದಲ್ಲಿ ಪ್ರೊಮೀಥಿಯಸ್ಸನ ಯಕೃತ್ತನ್ನು ಹದ್ದು ಪ್ರತಿದಿನ ಕುಕ್ಕಿ ತಿಂದರೂ ಅದು ಮತ್ತೆ ಬೆಳೆಯುತ್ತಿತ್ತಂತೆ. ಕಥೆ ಕಲ್ಪಿತವಾದರೂ ಅದರ ತಿರುಳು ಸುಳ್ಳಲ್ಲ. ಇಲಿಯ ಯಕೃತ್ತಿನಲ್ಲಿ ಮೂರನೆಯ ಎರಡು ಪಾಲನ್ನು ತೆಗೆದರೂ ಉಳಿದ ಪಾಲು ಬೆಳೆದು ಮೊದಲಿನ ತೂಕಕ್ಕೆ ಬರುತ್ತದೆಂದು ಅಮೆರಿಕದ ಹಿಗಿನ್ಸ್ ಮತ್ತು ಆಂಡರ್ಸನ್ 1931ರಲ್ಲಿ ತೋರಿಸಿಕೊಟ್ಟರು. ಇಂದು ತಂದೆ ಮಗನಿಗೆ, ಹೆಂಡತಿ ಗಂಡನಿಗೆ ಯಕೃತ್ತಿನ ಒಂದು ಭಾಗವನ್ನು ದಾನಮಾಡುವುದು ಸಾಧ್ಯವಾಗಿರುವುದೂ ಈ ಗುಣದಿಂದಲೇ.

ಸಾಮಾನ್ಯವಾಗಿ ಈ ಬೆಳವಣಿಗೆಯಲ್ಲಿ ಯಾರೂ ಕಸಬು ಬದಲಿಸುವುದಿಲ್ಲ. ಯಕೃತ್ತಿನ ಕೋಶಗಳೇ ಇಬ್ಭಾಗವಾಗಿ ತಮ್ಮಂಥವನ್ನೇ ಹುಟ್ಟಿಸುತ್ತವೆ. ಆದರೆ ಅವುಗಳ ಶಕ್ತಿ ಉಡುಗಿದಾಗ? ಎಡಿನ್‌ಬರೋದ ವಿಜ್ಞಾನಿಗಳು ಇಲಿಗಳಲ್ಲಿ ಯಕೃತ್ತಿನ ಕೋಶಗಳ ವಿಭಜನೆಯನ್ನು ತಡೆದು ನೋಡಿದರು. ಆಗ ಪಿತ್ತನಾಳದ ಗೋಡೆಯ ಕೋಶಗಳು ಮುಂದೆ ಬಂದು ಯಕೃತ್ತಿನ ಕೋಶಗಳಾಗಿ ಮಾರ್ಪಟ್ಟುದು 2017ರಲ್ಲಿ ವರದಿಯಾಯಿತು. ಇದಕ್ಕೆ ವಿರುದ್ಧವಾದುದೂ ಉಂಟು. ಪಿತ್ತನಾಳಗಳೇ ಬೆಳೆಯದ ಇಲಿಗಳಲ್ಲಿ ಯಕೃತ್ತಿನ ಕೋಶಗಳು ಪಿತ್ತನಾಳದ ಕೋಶಗಳಾಗಿ ಹೊಸ ನಾಳಗಳನ್ನು ಕಟ್ಟಿದುದನ್ನು 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ತಂಡವೊಂದು ಪ್ರಕಟಿಸಿತು. ಇವು ನೆರೆಮನೆಯವರು ಒಬ್ಬರಿಗೊಬ್ಬರು ಆಗಿಬರುವ ರೀತಿಯನ್ನು ನೆನಪಿಗೆ ತರುತ್ತವೆ.

ಶ್ವಾಸನಾಳದಲ್ಲಿಯೂ ಹೀಗೆಯೇ. ಅದರ ಒಳಪದರದ ತಳದಲ್ಲಿ ಆಕರಕೋಶಗಳಿದ್ದು, ಮೇಲಿನ ಕೋಶಗಳನ್ನು ಅವು ಹುಟ್ಟಿಸುತ್ತವೆ. ಇಲಿಗಳಲ್ಲಿ ಈ ಆಕರಕೋಶಗಳನ್ನೇ ನಾಶಪಡಿಸಿದಾಗ, ಸ್ರಾವವನ್ನು ಸುರಿಸುತ್ತಿದ್ದ ಪ್ರೌಢ ಕೋಶಗಳು ಹಿಂದಕ್ಕೆ ನಡೆದು ಆಕರಕೋಶಗಳಾದುದನ್ನು 2013ರಲ್ಲಿ ಬಾಸ್ಟನ್ನಿನಲ್ಲಿ ಪುರುಷೋತ್ತಮರಾವ್ ಟಾಟಾ, ಜಯರಾಜ್ ರಾಜಗೋಪಾಲ್ ಮತ್ತು ಸಂಗಡಿಗರು ಕಂಡುಕೊಂಡರು. ಮಕ್ಕಳೇ ತಾಯಿಯ ಸ್ಥಾನವನ್ನು ತುಂಬಿದಂತೆ ಇದು.

ಮೂರು ಹೆಜ್ಜೆಯ ಹಿನ್ನಡೆ

ಪ್ರೌಢ ಕೋಶ ಹಿಂದಕ್ಕೆ ನಡೆಯುವ ಕ್ರಮವೇನು? ಈ ಪ್ರಶ್ನೆಗೆ ಅಮೆರಿಕದ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೇಸನ್ ಮಿಲ್ಸ್ ಮತ್ತು ಅವರ ಸಹೋದ್ಯೋಗಿಗಳು ಜಠರದ ಕೋಶಗಳಲ್ಲಿಯೂ ಮೇದೋಜೀರಕಾಂಗದ ಕೋಶಗಳಲ್ಲಿಯೂ ಉತ್ತರವನ್ನು ಅರಸಿದರು. ಪಚನಕ್ಕೆ ಬೇಕಾದ ಕಿಣ್ವಗಳನ್ನು ತಯಾರಿಸುವ ಈ ಕೋಶಗಳು ಸಣ್ಣ ಕಾರ್ಖಾನೆಗಳಿದ್ದಂತೆ. ಅವುಗಳ ಒಡಲು ಯಂತ್ರಸಾಮಗ್ರಿಯಿಂದ ತುಂಬಿರುತ್ತದೆ.

ಪೆಟ್ಟು ಬಿದ್ದಾಗ ಅವು ಮೂರು ಹೆಜ್ಜೆಗಳನ್ನು ಇಡುತ್ತವೆಂದು 2018ರಲ್ಲಿ ಅವರು ವಿವರಿಸಿದರು. ಮೊದಲನೆಯ ಹೆಜ್ಜೆಯಲ್ಲಿ ಕೋಶ ತನ್ನ ಹಳೆಯ ಯಂತ್ರಗಳನ್ನು ಕಳಚಿ ಜೀರ್ಣಿಸಿಕೊಳ್ಳುತ್ತದೆ. ಎರಡನೆಯದರಲ್ಲಿ, ಭ್ರೂಣದ ಕಾಲದಲ್ಲಿ ತೆರೆದಿದ್ದು ಆಮೇಲೆ ಮುಚ್ಚಿಹೋಗಿದ್ದ ಕೆಲವು ವಂಶವಾಹಿಗಳನ್ನು ಮತ್ತೆ ತೆರೆಯುತ್ತದೆ. ಮೂರನೆಯದರಲ್ಲಿ ಇಬ್ಭಾಗವಾಗಲು ತೊಡಗುತ್ತದೆ. ಈ ಕ್ರಮಕ್ಕೆ ಅವರು 'ಪ್ಯಾಲಿಜೆನೋಸಿಸ್' ಎಂಬ ಹೆಸರಿಟ್ಟರು. ಕನ್ನಡದಲ್ಲಿ 'ಮರುಹುಟ್ಟು' ಎನ್ನಬಹುದು. ಕೋಶ ತನ್ನ ಹಳೆಯ ಸಾಮಗ್ರಿಯನ್ನು ಒಳಗೇ ಅರಗಿಸಿಕೊಳ್ಳುವುದಷ್ಟೇ ಅಲ್ಲದೆ ಒಂದು ಪಾಲನ್ನು ಹೊರಕ್ಕೆ ಕಾರಿಹಾಕುವುದೂ ಉಂಟೆಂದು 2025ರಲ್ಲಿ ಜೆಫ್ರಿ ಬ್ರೌನ್, ಮಿಲ್ಸ್ ಮೊದಲಾದವರು ಪ್ರಕಟಿಸಿದರು. ಊರು ಬಿಡುವವರು ಹೊರಲಾಗದ ಸಾಮಾನನ್ನು ಜಗುಲಿಯ ಮೇಲೆ ಇಟ್ಟು ಹೊರಡುವಂತೆ, ಕೋಶವೂ ತನ್ನ ಹೊರೆಯನ್ನು ಬೇಗ ಇಳಿಸಿಕೊಳ್ಳುತ್ತದೆ. ಹಾಗೆ ಹೊರಬಿದ್ದ ವಸ್ತು ಸುತ್ತಲಿನ ಅಂಗಾಂಶದಲ್ಲಿ ಉರಿಯೂತವನ್ನು ಹುಟ್ಟಿಸುವ ಸಂಭವವೂ ಇದೆ.

ಹಿಂತಿರುಗದಿದ್ದರೆ?

ಇಲ್ಲಿಯವರೆಗಿನದು ಕಥೆಯ ಒಂದು ಮುಖ. ಇನ್ನೊಂದು ಮುಖವನ್ನು ಅರಿಯುವುದು ಆರೋಗ್ಯದ ದೃಷ್ಟಿಯಿಂದ ಹೆಚ್ಚು ಮುಖ್ಯ. ಯಜಮಾನರು ಒಂದು ದಿನ ಒಲೆಯ ಮುಂದೆ ನಿಂತರೆ ಹೋಟೆಲು ಉಳಿಯುತ್ತದೆ. ಅಡಿಗೆಯವರು ದಿನವೂ ಕಾಯಿಲೆ ಬಿದ್ದು, ಯಜಮಾನರು ಗಲ್ಲೆಯನ್ನು ಶಾಶ್ವತವಾಗಿ ತೊರೆದರೆ ಲೆಕ್ಕಪತ್ರ ಕೆಡುತ್ತದೆ. ಪೆಟ್ಟು ನಿಲ್ಲದೆ ಬೀಳುತ್ತಿದ್ದರೆ ದೇಹದಲ್ಲಿಯೂ ಹೀಗೆಯೇ ಆಗುತ್ತದೆ.

ಧೂಮಪಾನವನ್ನು ನೋಡಬಹುದು. ಶ್ವಾಸನಾಳದ ಒಳಗೋಡೆಯ ಕೋಶಗಳಿಗೆ ಸೂಕ್ಷ್ಮ ರೋಮಗಳಿದ್ದು, ಅವು ಧೂಳನ್ನೂ ಕಫವನ್ನೂ ಮೇಲಕ್ಕೆ ಗುಡಿಸುತ್ತವೆ. ಬೀಡಿ ಸಿಗರೇಟುಗಳ ಹೊಗೆ ವರ್ಷಗಟ್ಟಲೆ ತಗುಲಿದಾಗ, ಈ ನಾಜೂಕಾದ ಕೋಶಗಳ ಜಾಗದಲ್ಲಿ ಚರ್ಮದಂಥ ಚಪ್ಪಟೆಯಾದ, ಗಡುಸಾದ ಕೋಶಗಳು ನೆಲೆಸುತ್ತವೆ. ಅವು ಹೊಗೆಯನ್ನು ತಾಳಿಕೊಳ್ಳಬಲ್ಲವು, ಆದರೆ ಗುಡಿಸಲಾರವು. ಕಫ ಅಲ್ಲಿಯೇ ಮಡುಗಟ್ಟುತ್ತದೆ, ಕೆಮ್ಮು ಕಾಯಂ ಆಗುತ್ತದೆ. ಇಂಥ ಮಾರ್ಪಾಟು ಕ್ಯಾನ್ಸರಿನ ಹಾದಿಯ ಮೊದಲ ಮೆಟ್ಟಿಲೂ ಆಗಬಹುದು. ಸಮಾಧಾನದ ಅಂಶವೆಂದರೆ, ಸಕಾಲದಲ್ಲಿ ಧೂಮಪಾನವನ್ನು ಬಿಟ್ಟವರಲ್ಲಿ ಈ ಮಾರ್ಪಾಟು ಸಾಕಷ್ಟು ಮಟ್ಟಿಗೆ ಹಿಂದಿರುಗಬಲ್ಲದು.

ಜಠರದ ಆಮ್ಲ ಮೇಲಕ್ಕೆ ಉಕ್ಕಿ ಅನ್ನನಾಳವನ್ನು ದೀರ್ಘಕಾಲ ಸುಡುತ್ತಿದ್ದರೆ, ಅನ್ನನಾಳದ ಕೆಳಭಾಗದಲ್ಲಿ ಕರುಳಿನ ಕೋಶಗಳನ್ನು ಹೋಲುವ ಒಳಪದರ ಬೆಳೆಯುವುದುಂಟು. 1950ರಲ್ಲಿ ಇದರ ಬಗ್ಗೆ ಬರೆದ ನಾರ್ಮನ್ ಬ್ಯಾರೆಟ್ ಅವರ ಹೆಸರಿನಿಂದಲೇ ಈ ಸ್ಥಿತಿ ಪ್ರಸಿದ್ಧವಾಗಿದೆ. ಇದು ಬಂದವರೆಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಆದರೆ ಅಪಾಯ ಹೆಚ್ಚುತ್ತದೆ. ರಾತ್ರಿ ಹತ್ತು ಗಂಟೆಗೆ ಲೋಕಲ್ ಟ್ರೈನಿನಿಂದಿಳಿದು, ತಡವಾಗಿ ಉಂಡು, ಕೂಡಲೇ ಮಲಗಿ, ಎದೆಯುರಿಗೆ ಅಂಗಡಿಯಿಂದ ಗುಳಿಗೆ ತಂದು ನುಂಗಿ ವರ್ಷಗಳನ್ನು ದೂಡುವವರು ಈ ಮಾತನ್ನು ಗಮನಿಸಬೇಕು.

ಜಠರದಲ್ಲಿ ನೆಲೆಸುವ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ರೋಗಾಣುವೂ ಇಂಥದೇ ಕಾರಣಕರ್ತ. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು 1982ರಲ್ಲಿ ಕಂಡುಹಿಡಿದು 2005ರ ನೊಬೆಲ್ ಪಾರಿತೋಷಕವನ್ನು ಪಡೆದರು. ಭಾರತದಲ್ಲಿ ಇದರ ಸೋಂಕು ಬಹು ವ್ಯಾಪಕ. ಬಹುತೇಕ ಮಂದಿಗೆ ಕೇಡು ತಟ್ಟುವುದಿಲ್ಲ. ಕೆಲವರಲ್ಲಿ ಮಾತ್ರ ದಶಕಗಳ ಉರಿಯೂತದಿಂದ ಜಠರದ ಕೋಶಗಳು ಮತ್ತೆ ಮತ್ತೆ ಮರುಹುಟ್ಟಿನ ಹೆಜ್ಜೆಗಳನ್ನು ಇಡಬೇಕಾಗುತ್ತದೆ. ಪ್ರತಿಸಲ ಕೋಶ ಇಬ್ಭಾಗವಾದಾಗಲೂ ವಂಶವಾಹಿಗಳ ನಕಲಿನಲ್ಲಿ ತಪ್ಪು ನುಸುಳುವ ಸಂಭವವಿದೆ. ತಪ್ಪುಗಳನ್ನು ಹೊತ್ತ ಕೋಶ ಹಳೆಯ ಕಸಬಿಗೆ ಮರಳದೆ ಬೆಳೆಯುತ್ತಲೇ ಹೋದರೆ ಅದೇ ಕ್ಯಾನ್ಸರ್. ಗಾಯವನ್ನು ಮಾಯಿಸುವ ವಿದ್ಯೆಯೇ ಗಡಿಮೀರಿದಾಗ ಗಾಯಕ್ಕಿಂತ ಘೋರವಾಗುತ್ತದೆ.

ರೋಗಾಣುಗಳೂ ಈ ವಿದ್ಯೆಯನ್ನು ದುರುಪಯೋಗಪಡಿಸಿಕೊಳ್ಳಬಲ್ಲವು. ಕುಷ್ಠರೋಗದ ಬ್ಯಾಕ್ಟೀರಿಯಾ ಹೊಕ್ಕು ಕೂಡುವುದು ಮೇಲೆ ಹೇಳಿದ ಶ್ವಾನ್ ಕೋಶಗಳಲ್ಲಿಯೇ. ಅದು ಇಲಿಯ ಶ್ವಾನ್ ಕೋಶಗಳ ಗುರುತನ್ನು ಅಳಿಸಿ ಆಕರಕೋಶಗಳಂತೆ ಮಾರ್ಪಡಿಸಿ, ಅವುಗಳ ಮೂಲಕ ಬೇರೆ ಅಂಗಾಂಶಗಳಿಗೆ ಹರಡಬಲ್ಲದೆಂದು ಎಡಿನ್‌ಬರೋದ ಅನುರ ರಂಬುಕ್ಕನ ಅವರ ತಂಡ 2013ರಲ್ಲಿ ತೋರಿಸಿತು. ಪ್ರಪಂಚದಲ್ಲಿ ಹೊಸದಾಗಿ ಪತ್ತೆಯಾಗುವ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ಸ್ಪರ್ಶ ತಿಳಿಯದ, ಬಣ್ಣ ಮಾಸಿದ ಮಚ್ಚೆ ಚರ್ಮದ ಮೇಲೆ ಕಾಣಿಸಿದರೆ ನಾಚಿಕೆಪಟ್ಟು ಮುಚ್ಚಿಡಬೇಕಾಗಿಲ್ಲ. ಇದಕ್ಕೆ ಖಚಿತವಾದ ಬಹುಔಷಧ ಚಿಕಿತ್ಸೆ ಇದ್ದು, ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ.

ಆಸೆಯೂ ಎಚ್ಚರಿಕೆಯೂ

ಕೋಶಗಳ ಈ ಸ್ವಭಾವವನ್ನು ಚಿಕಿತ್ಸೆಗೆ ಪಳಗಿಸಬಹುದೆ? ಮಧುಮೇಹದ ಒಂದು ಬಗೆಯಲ್ಲಿ ಮೇದೋಜೀರಕಾಂಗದ ಇನ್ಸುಲಿನ್ ಉತ್ಪಾದಿಸುವ ಬೀಟಾ ಕೋಶಗಳು ನಾಶವಾಗುತ್ತವೆ. ಜಿನೀವಾದ ಪೆದ್ರೊ ಹೆರೇರಾ ಅವರ ತಂಡ ಇಲಿಗಳಲ್ಲಿ ಈ ಕೋಶಗಳನ್ನು ಸಂಪೂರ್ಣವೆನ್ನುವಷ್ಟು ನಾಶಮಾಡಿ, ಇನ್ಸುಲಿನ್ ಕೊಟ್ಟು ಅವುಗಳನ್ನು ಬದುಕಿಸಿಕೊಂಡು ನೋಡಿತು. ಪಕ್ಕದಲ್ಲಿದ್ದು, ರಕ್ತದ ಸಕ್ಕರೆಯನ್ನು ಏರಿಸುವ ಗ್ಲುಕಗಾನನ್ನು ತಯಾರಿಸುತ್ತಿದ್ದ ಆಲ್ಫಾ ಕೋಶಗಳಲ್ಲಿ ಕೆಲವು ಇನ್ಸುಲಿನ್ನನ್ನು ತಯಾರಿಸಲು ತೊಡಗಿದುವೆಂದು 2010ರಲ್ಲಿ ಪ್ರಕಟಿಸಿತು. 2019ರಲ್ಲಿ ಮನುಷ್ಯನ ಆಲ್ಫಾ ಕೋಶಗಳನ್ನೂ ಹೀಗೆ ಪರಿವರ್ತಿಸಿ ಮಧುಮೇಹದ ಇಲಿಗಳಲ್ಲಿ ನೆಟ್ಟಾಗ ಅವು ಇನ್ಸುಲಿನ್ ಒದಗಿಸಿದುವು. ಇದು ಇನ್ನೂ ಪ್ರಯೋಗದ ಹಂತದ ಮಾತು. ಇದನ್ನು ಓದಿ ಯಾರೂ ಇನ್ಸುಲಿನ್ನನ್ನಾಗಲಿ ಗುಳಿಗೆಯನ್ನಾಗಲಿ ನಿಲ್ಲಿಸಲಾಗದು.

ಈ ಎಚ್ಚರಿಕೆಗೆ ಕಾರಣವಿದೆ. ಮಹಾನಗರಗಳಲ್ಲಿ 'ಸ್ಟೆಮ್ ಸೆಲ್ ಚಿಕಿತ್ಸೆ' ಎಂಬ ಫಲಕವನ್ನು ತೂಗುಹಾಕಿ ಮೊಣಕಾಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಎಲ್ಲವನ್ನೂ ಗುಣಪಡಿಸುವ ಭರವಸೆ ನೀಡುವವರಿದ್ದಾರೆ. ಊರಿನ ಜಮೀನು ಮಾರಿ, ಭವಿಷ್ಯನಿಧಿಯನ್ನು ಬರಿದುಮಾಡಿ ಹಣ ಹೊಂದಿಸುವ ಕುಟುಂಬಗಳೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಸೇರಿ 2017ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಕೆಲವು ರಕ್ತಸಂಬಂಧಿ ರೋಗಗಳಿಗೆ ಮಾಡುವ ಅಸ್ಥಿಮಜ್ಜೆಯಂಥ ಆಕರಕೋಶ ಕಸಿಯನ್ನು ಬಿಟ್ಟರೆ, ಉಳಿದ ಬಳಕೆಗಳು ಅಂಗೀಕೃತ ಪ್ರಯೋಗದ ಚೌಕಟ್ಟಿನಲ್ಲಿ ಮಾತ್ರ ನಡೆಯಬೇಕು. ಹಣ ತೆರುವ ಮೊದಲು ಸರಕಾರಿ ವೈದ್ಯಕೀಯ ಕಾಲೇಜಿನ ತಜ್ಞರೊಬ್ಬರ ಅಭಿಪ್ರಾಯವನ್ನು ಕೇಳುವುದು ಲೇಸು.

ಒಟ್ಟಿನಲ್ಲಿ ಹೇಳುವುದಾದರೆ, ದೇಹದ ಕೋಶಗಳು ಕಸಬನ್ನು ಬದಲಿಸುವುದು ಸಂಕಟದ ಕಾಲದ ಧರ್ಮ. ಅವುಗಳಿಗೆ ಬೇಕಾದುದು ಎರಡೇ: ದುಡಿಯಲು ಅವಕಾಶ, ದುಡಿದ ಮೇಲೆ ಮನೆಗೆ ಹಿಂದಿರುಗಲು ಬಿಡುವು. ಮೊದಲನೆಯದನ್ನು ಪ್ರಕೃತಿ ಒದಗಿಸಿಕೊಟ್ಟಿದೆ. ಎರಡನೆಯದು ಬಹುಮಟ್ಟಿಗೆ ಮನುಷ್ಯನ ಕೈಯಲ್ಲಿಯೇ ಇದೆ. ಹೊಗೆಯನ್ನೂ ಮದ್ಯವನ್ನೂ ತೊರೆಯುವುದು, ತಿಂಗಳುಗಟ್ಟಲೆ ಉಳಿದ ಎದೆಯುರಿ, ಕೆಮ್ಮು, ಜೋಮು ಇವುಗಳನ್ನು ಅಲಕ್ಷಿಸದೆ ವೈದ್ಯರಿಗೆ ತೋರಿಸುವುದು, ಇವೆಲ್ಲ ಆ ಬಿಡುವನ್ನು ದೊರಕಿಸಿಕೊಡುವ ಉಪಾಯಗಳು. ಗಲ್ಲೆಯಲ್ಲಿರಬೇಕಾದವರು ಗಲ್ಲೆಗೆ ಮರಳಿದಾಗಲೇ ಹೋಟೆಲು ನಡೆದೀತು.